ಲ್ಯಾಪ್‌ಟಾಪಿನ ದನಿಯನ್ನು ತಿಳಿಯಾಗಿಸಿಕೊಳ್ಳುವ ಬಗೆ: ಮಲೆನಾಡಿನ ಮನೆಗೆ ಹೊಂದುವ ಪೋರ್ಟಬಲ್ ಸ್ಪೀಕರ್

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಹಂಚಿನ ಮನೆಯಲ್ಲಿ ಜುಲೈ ತಿಂಗಳ ಸಂಜೆ ಲ್ಯಾಪ್‌ಟಾಪಿನಲ್ಲಿ ಗಮಕ ವಾಚನವನ್ನು ಕೇಳಲು ಕುಳಿತರೆ ರಾಗದ ಎಳೆ ಕಿವಿಗೆ ಸಿಗುತ್ತಿತ್ತು, ಪದ ಸಿಗುತ್ತಿರಲಿಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಮನೆ ಮಾಡಿಕೊಂಡವರಿಗೆ ಸೂರಿನ ಮೇಲೆ ಬೀಳುವ ಮಳೆಯ ಸದ್ದು ಹೊಸದಲ್ಲ. ಆದರೆ ಹೊಸಹಳ್ಳಿಯ ಗಮಕಿ, 2022ರಲ್ಲಿ ಪದ್ಮಶ್ರೀ ಪಡೆದ ಎಚ್. ಆರ್. ಕೇಶವಮೂರ್ತಿಯವರ ವಾಚನವನ್ನು ಕೇಳುವಾಗ ಒಂದು ಪದ ತಪ್ಪಿದರೆ ಪದ್ಯದ ಅರ್ಥವೇ ಕೈತಪ್ಪುತ್ತದೆ. ಎಂಬತ್ತರ ಹತ್ತಿರದ ನನ್ನ ತಂದೆ ಲ್ಯಾಪ್‌ಟಾಪಿಗೆ ಕಿವಿಯಿಟ್ಟು ಬಾಗಿ ಕುಳಿತು ಕೇಳುವುದನ್ನು ನೋಡಲಾಗದೆ ನಾನು ಹೊರಗಿನ ಸ್ಪೀಕರಿನ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡೆ. ಹಲವು ತಪ್ಪುಗಳನ್ನು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಸ್ಪೀಕರ್ ಕೊಳ್ಳುವುದಕ್ಕಿಂತ ಸಣ್ಣ ಸ್ಪೀಕರನ್ನು ಸರಿಯಾದ ಜಾಗದಲ್ಲಿ, ಸರಿಯಾದ ಸಂಪರ್ಕದಲ್ಲಿ ಇಡುವುದರಿಂದ ಹೆಚ್ಚು ಪ್ರಯೋಜನವಿದೆ ಎಂಬುದನ್ನು ನಾನು ಕಂಡುಕೊಂಡಿದ್ದೇನೆ, ಮುಂದಿನ ಮಾತೆಲ್ಲ ಅದನ್ನೇ ಹಿಡಿದು ಸಾಗುತ್ತದೆ.

ಮೊದಲು ಲ್ಯಾಪ್‌ಟಾಪಿನ ದನಿ ಏಕೆ ಸೊರಗಿರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಮಂದ್ರ ಸ್ಥಾಯಿಯ ನಾದವನ್ನು ಹೊರಡಿಸಲು ಸ್ಪೀಕರಿನ ತಮಟೆಯಂಥ ಪೊರೆ ಬಹಳಷ್ಟು ಗಾಳಿಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳಬೇಕಾಗುತ್ತದೆ. ಬೆರಳಿನಷ್ಟು ದಪ್ಪದ ಲ್ಯಾಪ್‌ಟಾಪಿನ ಒಡಲಿನಲ್ಲಿ ಅಷ್ಟು ದೊಡ್ಡ ಪೊರೆಗೂ ಅದರ ಓಡಾಟಕ್ಕೂ ಜಾಗವಿರುವುದಿಲ್ಲ. ಹೀಗಾಗಿ ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಸುಮಾರು 200 ಹರ್ಟ್ಜ್‌ಗಿಂತ ಕೆಳಗಿನ ನಾದ ಬಹಳ ಕ್ಷೀಣವಾಗಿ ಹೊರಡುತ್ತದೆ. ಹರ್ಟ್ಜ್ ಎಂದರೆ ಸೆಕೆಂಡಿಗೆ ಆಗುವ ಕಂಪನಗಳ ಎಣಿಕೆ. ಗಂಡಸರ ಮಾತಿನ ಮೂಲಸ್ವರ ಸುಮಾರು 85ರಿಂದ 180 ಹರ್ಟ್ಜ್‌ಗಳ ನಡುವೆ ಇರುತ್ತದೆ; ಗಾಯಕರು ಹಿಡಿಯುವ, ಹಾರ್ಮೋನಿಯಮ್ಮಿನ ಬಿಳಿ ಒಂದು ಎಂಬ ಮನೆಯ ಷಡ್ಜವು ಸುಮಾರು 131 ಹರ್ಟ್ಜ್. ಇವೆಲ್ಲವೂ ಲ್ಯಾಪ್‌ಟಾಪ್ ಸರಿಯಾಗಿ ನುಡಿಸಲಾರದ ಪ್ರದೇಶದಲ್ಲಿಯೇ ಬರುತ್ತವೆ. ಆದರೂ ಹಾಡು ಯಾವ ಶ್ರುತಿಯಲ್ಲಿದೆ ಎಂದು ನಮಗೆ ಗೊತ್ತಾಗುವುದಕ್ಕೆ ಕಾರಣವೆಂದರೆ, ಮೂಲಸ್ವರದ ಮೇಲೆ ಏಳುವ ಅನುಸ್ವರಗಳನ್ನು ಕೇಳಿ ಮೂಲಸ್ವರವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಧ್ವನಿಯ ಗುರುತು ಸಿಗುತ್ತದೆ, ಎದೆಯ ತುಂಬು ಸಿಗುವುದಿಲ್ಲ.

ಇದರ ಜೊತೆಗೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಸ್ಪೀಕರುಗಳು ಕೆಳಮುಖವಾಗಿರುತ್ತವೆ. ಮೇಜಿನ ಮೇಲಿಟ್ಟರೆ ದನಿ ಮೇಜಿಗೆ ಬಡಿದು ಕಿವಿಗೆ ಬರುತ್ತದೆ. ಹಾಸಿಗೆ ಅಥವಾ ಕಂಬಳಿಯ ಮೇಲಿಟ್ಟರೆ ಬಟ್ಟೆಯೇ ಅದನ್ನು ನುಂಗುತ್ತದೆ. ಹಾಗೆ ನುಂಗಿಹೋಗುವುದು ಹೆಚ್ಚಾಗಿ ತಾರದ ಭಾಗ. ಸ, ಶ, ಷ, ಚ, ತ, ಕ ಮುಂತಾದ ವ್ಯಂಜನಗಳ ಗುರುತು ಹೆಚ್ಚಾಗಿ ಇರುವುದು 2000 ಹರ್ಟ್ಜ್‌ಗಿಂತ ಮೇಲೆ. ಸಕಾರದ ಸೀಳು ಸದ್ದಂತೂ 4000 ಹರ್ಟ್ಜ್‌ಗಿಂತಲೂ ಮೇಲಿರುತ್ತದೆ. ಹಂಚಿನ ಮೇಲೆ ಸುರಿಯುವ ಜಡಿಮಳೆಯ ಸದ್ದು ಮಂದ್ರದಿಂದ ತಾರದವರೆಗೆ ಎಲ್ಲ ಕಡೆ ಹರಡಿಕೊಂಡಿರುವುದರಿಂದ, ಮೊದಲೇ ಬಲಹೀನವಾದ ಈ ವ್ಯಂಜನಗಳು ಅದರಲ್ಲಿ ಮುಳುಗಿಹೋಗುತ್ತವೆ. ಸ್ವರಗಳು ಉಳಿಯುತ್ತವೆ, ಅಕ್ಷರಗಳು ಅಳಿಯುತ್ತವೆ. ನನ್ನ ತಂದೆಯವರಿಗೆ ರಾಗ ಕೇಳಿಸಿ ಪದ ಕೇಳಿಸದೆ ಇದ್ದದ್ದು ಇದೇ ಕಾರಣಕ್ಕೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ಮನೆಯಲ್ಲಿ ಕೊರತೆಯಾಗಿರುವುದು ಏನು ಎಂಬುದನ್ನು ತೀರ್ಮಾನಿಸಿಕೊಳ್ಳಿ. ಚಂಡೆ ಮದ್ದಳೆಯ ಗುಂಗು ಸಾಲದಾಗಿದೆಯೇ, ಒಟ್ಟು ದನಿಯೇ ಸಣ್ಣದಾಗಿದೆಯೇ, ಅಥವಾ ದನಿ ಸಾಕಷ್ಟಿದ್ದೂ ಮಾತು ಬಿಡಿಸಿಕೊಳ್ಳುತ್ತಿಲ್ಲವೇ? ಈ ಮೂರೂ ಬೇರೆ ಬೇರೆ ತೊಂದರೆಗಳು. ಮೊದಲನೆಯದಕ್ಕೆ ದೊಡ್ಡ ಪೊರೆಯ ಸ್ಪೀಕರ್ ಬೇಕು, ಎರಡನೆಯದಕ್ಕೆ ಶಕ್ತಿ ಬೇಕು ಇಲ್ಲವೇ ಸಾಮೀಪ್ಯ ಬೇಕು, ಮೂರನೆಯದಕ್ಕೆ ಮುಖ್ಯವಾಗಿ ಜಾಗ ಮತ್ತು ಹೊಂದಾಣಿಕೆ ಬೇಕು. ಮಂದ್ರವನ್ನು ಅತಿಯಾಗಿ ಉಬ್ಬಿಸುವ ಸ್ಪೀಕರನ್ನು ತಾಳಮದ್ದಳೆಯ ಅರ್ಥಗಾರಿಕೆ ಕೇಳುವವರು ಕೊಂಡರೆ, ಗುಂಯ್ ಎನ್ನುವ ಆ ಮಂದ್ರವೇ ಮಾತನ್ನು ಇನ್ನಷ್ಟು ಮುಚ್ಚಿಬಿಡುತ್ತದೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ವಾಟ್ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಪಿಎಂಪಿಒ ಎಂದು ನಮೂದಿಸಿದ ನೂರಾರು ವಾಟುಗಳಿಗೆ ಬೆಲೆ ಕೊಡಬಾರದು. ಅದು ಕ್ಷಣಮಾತ್ರದ ತುತ್ತತುದಿಯ ಲೆಕ್ಕ, ಅದನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಒಂದು ವಿಧಾನವೂ ಇಲ್ಲ. ನೋಡಬೇಕಾದದ್ದು ಆರ್‌ಎಂಎಸ್ ವಾಟ್, ಎಂದರೆ ಎಡೆಬಿಡದೆ ನಡೆಯುವಾಗಿನ ಶಕ್ತಿ. ನಾನು ಮೊದಲ ಸಲ ಕೊಂಡ ಸ್ಪೀಕರಿನ ಮೇಲೆ ಪಿಎಂಪಿಒ ಲೆಕ್ಕದಲ್ಲಿ ದೊಡ್ಡ ಸಂಖ್ಯೆಯಿತ್ತು, ಮನೆಗೆ ತಂದು ನುಡಿಸಿದರೆ ಅರ್ಧ ವಾಲ್ಯೂಮಿಗೇ ದನಿ ಒಡೆಯಿತು. ಶಕ್ತಿ ಎರಡರಷ್ಟಾದರೆ ದನಿಯ ಮಟ್ಟವನ್ನು ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ ಹೆಚ್ಚುವುದು 3 ಮಾತ್ರ, ಕಿವಿಗೆ ಅದು ಸಣ್ಣ ವ್ಯತ್ಯಾಸ. ದನಿ ಎರಡರಷ್ಟಾಗಿದೆ ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಹೆಚ್ಚಬೇಕು, ಎಂದರೆ ಹತ್ತರಷ್ಟು ಶಕ್ತಿ ಬೇಕು. ಹೀಗಿರುವಾಗ 5 ವಾಟಿನದಕ್ಕೂ 10 ವಾಟಿನದಕ್ಕೂ ಇರುವ ಬೆಲೆಯ ಅಂತರವನ್ನು ದನಿಯ ಗಾತ್ರಕ್ಕಾಗಿ ತೆರುವುದು ಅಷ್ಟೇನೂ ಲಾಭದ ಮಾತಲ್ಲ. ಅದರ ಬದಲು ಪೊರೆಯ ಅಗಲವನ್ನೂ ಸ್ಪೀಕರಿನ ತೂಕವನ್ನೂ ಗಮನಿಸಿ. ಒಂದೇ ಬೆಲೆಯ ಎರಡರಲ್ಲಿ ತುಸು ತೂಕವಿರುವುದು ಹೆಚ್ಚಾಗಿ ಗಟ್ಟಿಯಾದ ಕವಚವನ್ನೂ ಒಳ್ಳೆಯ ಅಯಸ್ಕಾಂತವನ್ನೂ ಹೊಂದಿರುತ್ತದೆ ಎಂಬುದು ನನ್ನ ಅನುಭವ.

ಶಿವಮೊಗ್ಗದ ನೆಹರೂ ರಸ್ತೆಯಲ್ಲಾಗಲಿ ದುರ್ಗಿಗುಡಿಯಲ್ಲಾಗಲಿ ಕೊಳ್ಳುವವರು ಸಾಧ್ಯವಾದರೆ ತಮ್ಮ ಲ್ಯಾಪ್‌ಟಾಪನ್ನೇ ಜೊತೆಗೆ ಒಯ್ಯಬೇಕು. ಅಂಗಡಿಯವರು ತಮ್ಮ ಮೊಬೈಲಿನಿಂದ ಹಾಕುವ ಹಾಡು ಆ ಸ್ಪೀಕರಿಗೆ ಒಪ್ಪುವಂಥದ್ದೇ ಆಗಿರುತ್ತದೆ. ನೀವು ಹತ್ತಾರು ಸಲ ಕೇಳಿ ಬಲ್ಲ ಒಂದು ಮಾತಿನ ಧ್ವನಿಮುದ್ರಣ, ತಂಬೂರಿಯ ಶ್ರುತಿ, ಚಂಡೆ ಮದ್ದಳೆ ಕೂಡಿದ ಒಂದು ತುಣುಕು ಇಷ್ಟಿದ್ದರೆ ಪರೀಕ್ಷೆಗೆ ಸಾಕು. ಮೊದಲು ಕಡಿಮೆ ವಾಲ್ಯೂಮಿನಲ್ಲಿ ಮಾತನ್ನು ಕೇಳಿ; ಬಳಿಕ ಮುಕ್ಕಾಲು ಭಾಗಕ್ಕೆ ಏರಿಸಿ ಚಂಡೆಯ ಪೆಟ್ಟನ್ನು ಕೇಳಿ. ಪೆಟ್ಟು ಬಿರುಸಾಗಿ, ಬಿಡಿಬಿಡಿಯಾಗಿ ಬರಬೇಕು. ಚಪ್ಪಟೆಯಾಗಿ ಕರಕರ ಎಂದರೆ ಆ ಸ್ಪೀಕರ್ ಬೇಡ. ತಂಬೂರಿಯ ನಾದ ಹರಿಯುತ್ತಿರುವಾಗ ಸ್ಪೀಕರಿನ ಕವಚದ ಮೇಲೆ ಬೆರಳಿಟ್ಟು ನೋಡಿ, ಎಲ್ಲಾದರೂ ಜರ್ ಎಂಬ ಸದ್ದು ಇದ್ದರೆ ಅಲ್ಲಿಯೇ ಗೊತ್ತಾಗುತ್ತದೆ.

ಸಂಪರ್ಕದ ವಿಷಯದಲ್ಲಿ ಬಹಳ ಜನ ಬ್ಲೂಟೂತ್ ಎಂದರೆ ಸಾಕೆಂದು ತಿಳಿಯುತ್ತಾರೆ. ತಂತಿಯ ತೊಡಕಿಲ್ಲ ಎಂಬುದು ನಿಜ, ಜಗಲಿಗೂ ಅಡುಗೆಮನೆಗೂ ಎತ್ತಿಕೊಂಡು ಹೋಗಬಹುದು ಎಂಬುದೂ ನಿಜ. ಆದರೆ ಬ್ಲೂಟೂತಿನಲ್ಲಿ ದನಿಯನ್ನು ಕುಗ್ಗಿಸಿ ಕಳುಹಿಸಲಾಗುತ್ತದೆ, ಅದು ಸ್ಪೀಕರನ್ನು ತಲುಪಿ ಬಿಚ್ಚಿಕೊಳ್ಳುವ ಹೊತ್ತಿಗೆ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡು ತಡವಾಗುತ್ತದೆ. ಬರೀ ಕೇಳುವುದಕ್ಕೆ ಇದರಿಂದ ತೊಂದರೆಯಿಲ್ಲ. ಯಕ್ಷಗಾನದ ವಿಡಿಯೋ ನೋಡುವಾಗ ಮಾತ್ರ ಹೆಜ್ಜೆ ಮೊದಲು ಬಿದ್ದು ಚಂಡೆಯ ಪೆಟ್ಟು ಆಮೇಲೆ ಬಂದಂತಾಗಿ ಮನಸ್ಸಿಗೆ ಕಿರಿಕಿರಿಯಾಗುತ್ತದೆ. ಡೌನ್‌ಲೋಡ್ ಮಾಡಿಟ್ಟ ವಿಡಿಯೋವನ್ನು ವಿಎಲ್‌ಸಿ ಪ್ಲೇಯರಿನಲ್ಲಿ ನೋಡುವವರು ಕೀಬೋರ್ಡಿನ ಜೆ ಕೀಲಿಯನ್ನು ಒತ್ತಿದರೆ ಪ್ರತಿ ಒತ್ತಿಗೆ ದನಿ 50 ಮಿಲಿಸೆಕೆಂಡಿನಷ್ಟು ಮುಂಚಿತವಾಗುತ್ತದೆ, ಕೆ ಕೀಲಿ ಒತ್ತಿದರೆ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಮೂರು ನಾಲ್ಕು ಸಲ ಒತ್ತುವಷ್ಟರಲ್ಲಿ ಹೆಜ್ಜೆಯೂ ಪೆಟ್ಟೂ ಕೂಡಿಕೊಳ್ಳುತ್ತವೆ.

ಬ್ಲೂಟೂತಿನ ಇನ್ನೊಂದು ತೊಡಕನ್ನು ಮಕ್ಕಳ ಆನ್‌ಲೈನ್ ತರಗತಿಯ ಸಮಯದಲ್ಲಿ ನಾನು ಕಂಡೆ, ಅದರ ಕಾರಣ ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಅಲ್ಲಿಯವರೆಗೆ ಚೆನ್ನಾಗಿದ್ದ ದನಿ ತರಗತಿ ಶುರುವಾದೊಡನೆ ಹಳೆಯ ದೂರವಾಣಿಯಲ್ಲಿ ಮಾತಾಡಿದಂತೆ ಕಿರಿದಾಗಿಬಿಡುತ್ತಿತ್ತು. ಹೆಚ್ಚಿನ ಬ್ಲೂಟೂತ್ ಸ್ಪೀಕರುಗಳಲ್ಲಿ ಮೈಕ್ ಕೂಡ ಇರುತ್ತದೆ. ಆ ಮೈಕನ್ನು ಲ್ಯಾಪ್‌ಟಾಪ್ ಬಳಸತೊಡಗಿದ ಕೂಡಲೇ ಸಂಪರ್ಕವು ಸಂಗೀತದ ಬಗೆಯಿಂದ ಫೋನ್ ಕರೆಯ ಬಗೆಗೆ ಬದಲಾಗುತ್ತದೆ. ಆಗ ದನಿಯ ಸ್ಯಾಂಪಲ್ ದರ, ಎಂದರೆ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯಲಾಗುತ್ತದೆ ಎಂಬ ಎಣಿಕೆ, ಸಾಮಾನ್ಯವಾಗಿ 8000 ಅಥವಾ 16000 ಹರ್ಟ್ಜ್‌ಗೆ ಇಳಿಯುವುದರಿಂದ, ಅದರ ಅರ್ಧಕ್ಕಿಂತ ಮೇಲಿನ ನಾದವೆಲ್ಲ ಕತ್ತರಿಸಿಹೋಗುತ್ತದೆ. ಪರಿಹಾರ ಸುಲಭವಾಗಿದೆ. ಲ್ಯಾಪ್‌ಟಾಪಿನ ಸೌಂಡ್ ಸೆಟ್ಟಿಂಗಿನಲ್ಲಿ ಔಟ್‌ಪುಟ್ ಎಂಬಲ್ಲಿ ಬ್ಲೂಟೂತ್ ಸ್ಪೀಕರನ್ನೂ, ಇನ್‌ಪುಟ್ ಎಂಬಲ್ಲಿ ಲ್ಯಾಪ್‌ಟಾಪಿನದೇ ಮೈಕನ್ನೂ ಆರಿಸಬೇಕು. ತರಗತಿ ನಡೆಯುವ ಆ್ಯಪಿನ ಒಳಗೂ ಇದೇ ಆಯ್ಕೆಯನ್ನು ಮಾಡಬೇಕು. ವಿಂಡೋಸ್ 10ರಲ್ಲಿ ಒಂದೇ ಸ್ಪೀಕರ್ ಸ್ಟೀರಿಯೋ ಎಂದೂ ಹ್ಯಾಂಡ್ಸ್-ಫ್ರೀ ಎಂದೂ ಎರಡು ಹೆಸರುಗಳಲ್ಲಿ ಕಾಣಿಸಿಕೊಂಡರೆ ಸ್ಟೀರಿಯೋ ಎಂಬುದನ್ನೇ ಆರಿಸಬೇಕು.

ಇಷ್ಟೆಲ್ಲ ಇರುವುದರಿಂದ, ಲ್ಯಾಪ್‌ಟಾಪ್ ಒಂದೇ ಮೇಜಿನ ಮೇಲಿರುವ ಮನೆಗಳಲ್ಲಿ ನಾನು ತಂತಿಯನ್ನೇ ಮೆಚ್ಚುತ್ತೇನೆ. ಹೆಡ್‌ಫೋನ್ ಸಿಕ್ಕಿಸುವ 3.5 ಮಿಲಿಮೀಟರ್ ತೂತಿಗೆ ಆಕ್ಸ್ ತಂತಿಯನ್ನು ಸಿಕ್ಕಿಸಿದರೆ ತಡವೂ ಇಲ್ಲ, ಕುಗ್ಗಿಸುವುದೂ ಇಲ್ಲ. ಯುಎಸ್‌ಬಿ ಮೂಲಕವೇ ದನಿಯನ್ನು ಪಡೆಯುವ ಸ್ಪೀಕರುಗಳಲ್ಲಿ ದನಿಯ ಪರಿವರ್ತನೆ ಲ್ಯಾಪ್‌ಟಾಪಿನ ಹೊರಗೆ ನಡೆಯುವುದರಿಂದ ಲ್ಯಾಪ್‌ಟಾಪಿನ ಒಳಗಿನ ವಿದ್ಯುತ್ ಗದ್ದಲ ಕಡಿಮೆ ಕೇಳಿಸುತ್ತದೆ. ಆದರೆ ಯುಎಸ್‌ಬಿ 2.0 ಕಿಂಡಿಯಿಂದ ಸಾಮಾನ್ಯವಾಗಿ ದೊರೆಯುವುದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಎಂದರೆ 2.5 ವಾಟ್ ಅಷ್ಟೆ. ಅದರಿಂದ ಮಾತ್ರ ನಡೆಯುವ ಸ್ಪೀಕರಿನಿಂದ ಮನೆ ತುಂಬುವ ದನಿಯನ್ನು ನಿರೀಕ್ಷಿಸಬಾರದು. ಹತ್ತಿರ ಕುಳಿತು ಕೇಳುವವರಿಗೆ ಅದು ಸಾಕಾಗುತ್ತದೆ.

ಯುಎಸ್‌ಬಿಯಿಂದ ವಿದ್ಯುತ್ತನ್ನೂ 3.5 ಮಿಲಿಮೀಟರ್ ತೂತಿನಿಂದ ದನಿಯನ್ನೂ ಪಡೆಯುವ ಎರಡು ತಂತಿಯ ಸ್ಪೀಕರುಗಳು ಅಗ್ಗವಾಗಿ ಸಿಗುತ್ತವೆ. ಅವನ್ನು ಲ್ಯಾಪ್‌ಟಾಪಿಗೇ ಎರಡೂ ಕಡೆ ಸಿಕ್ಕಿಸಿದಾಗ ಮೌಸ್ ಅಲುಗಾಡಿಸಿದರೂ ಕೇಳಿಸುವಂಥ ಸಣ್ಣ ಕೀರಲು ಸದ್ದು ಬರುವುದುಂಟು. ಆಗ ವಿದ್ಯುತ್ತಿನ ತಂತಿಯನ್ನು ಲ್ಯಾಪ್‌ಟಾಪಿನಿಂದ ತೆಗೆದು ಒಂದು ಪವರ್ ಬ್ಯಾಂಕಿಗೆ ಸಿಕ್ಕಿಸಿ ನೋಡಿ, ಸದ್ದು ನಿಲ್ಲುತ್ತದೆ. ನಮ್ಮ ಕಡೆ ಇದರಿಂದ ಇನ್ನೊಂದು ಅನುಕೂಲವೂ ಇದೆ: ಕರೆಂಟು ಹೋದ ರಾತ್ರಿಯಲ್ಲೂ 10000 ಎಂಎಎಚ್ ಪವರ್ ಬ್ಯಾಂಕು 3 ವಾಟ್ ಎಳೆಯುವ ಸ್ಪೀಕರನ್ನು ಏಳೆಂಟು ಗಂಟೆ ನಡೆಸಬಲ್ಲದು, ಒಂದು ಪ್ರಸಂಗ ಮುಗಿಯುವಷ್ಟು ಹೊತ್ತಿಗೆ ಅದು ಸಾಕು. ಗೋಡೆಯ ಪ್ಲಗ್ಗಿನಿಂದ ನಡೆಯುವ ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದಿದ್ದರೆ ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬರೀ ಬ್ಯಾಟರಿಯಲ್ಲಿ ನಡೆಸಿ. ಆಗ ಸದ್ದು ಹೋದರೆ ತೊಂದರೆ ಇರುವುದು ಅರ್ಥಿಂಗಿನ ಹಾದಿಯಲ್ಲಿ. ಎರಡನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿದರೆ ಬಹಳ ಸಲ ಅದು ಕಡಿಮೆಯಾಗುತ್ತದೆ. ಸದ್ದು ಇನ್ವರ್ಟರ್ ಓಡುವಾಗ ಮಾತ್ರ ಬರುತ್ತಿದ್ದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಗುಣವಾಗಿರಬಹುದು, ಆಗ ಸ್ಪೀಕರನ್ನು ದೂಷಿಸಿ ಫಲವಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಜಾಗದ ವಿಷಯಕ್ಕೆ ಬರುತ್ತೇನೆ. ಬಯಲಿನಲ್ಲಿ ಸ್ಪೀಕರಿನಿಂದ ನಿಮಗಿರುವ ದೂರ ಎರಡರಷ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ, ದೂರ ಅರ್ಧವಾದರೆ ಅಷ್ಟೇ ಏರುತ್ತದೆ. 6 ಡೆಸಿಬೆಲ್ ಎಂದರೆ ನಾಲ್ಕರಷ್ಟು ಶಕ್ತಿ. ಎರಡು ಮೀಟರ್ ದೂರದಲ್ಲಿರುವ 20 ವಾಟ್ ಸ್ಪೀಕರಿನಿಂದ ಸಿಗುವುದು, ಅದೇ ಗುಣದ 5 ವಾಟ್ ಸ್ಪೀಕರನ್ನು ಒಂದು ಮೀಟರ್ ದೂರದಲ್ಲಿಟ್ಟರೆ ಸಿಗುತ್ತದೆ. ನಾಲ್ಕು ಗೋಡೆಯ ಒಳಗೆ ಪ್ರತಿಧ್ವನಿಯೂ ಸೇರಿಕೊಳ್ಳುವುದರಿಂದ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಆದರೆ ಮೇಲ್ಗಡೆ ಅಟ್ಟವಿಲ್ಲದೆ ನೇರ ಹಂಚಿಗೆ ತೆರೆದುಕೊಂಡ ನಮ್ಮಂಥ ಜಗಲಿಗಳಲ್ಲಿ ದನಿ ಹೆಂಚಿನ ಸಂದಿಯಿಂದ ಹೊರಗೆ ಹೋಗಿಬಿಡುವುದರಿಂದ ಲೆಕ್ಕಕ್ಕೆ ಸಾಕಷ್ಟು ಹತ್ತಿರವೇ ಇರುತ್ತದೆ. ಮುಖ್ಯವಾಗಿ ಮಳೆಯ ಸದ್ದು ನೀವು ಎಲ್ಲಿ ಕುಳಿತರೂ ಒಂದೇ ಸಮ. ಸ್ಪೀಕರ್ ಹತ್ತಿರ ಬಂದಷ್ಟೂ ಮಳೆಯ ಎದುರು ಮಾತಿನ ಕೈ ಮೇಲಾಗುತ್ತದೆ. ನಾನು ಗೋಡೆಯ ಮೇಲಿನ ಹಲಗೆಯಲ್ಲಿದ್ದ ಸ್ಪೀಕರನ್ನು ತಂದೆಯವರ ಆರಾಮಕುರ್ಚಿಯ ಪಕ್ಕದ ಸಣ್ಣ ಸ್ಟೂಲಿಗೆ ಇಳಿಸಿದ ದಿನ, ವಾಲ್ಯೂಮನ್ನು ಮೊದಲಿಗಿಂತ ತಗ್ಗಿಸಿದರೂ ಅವರು ಪದ್ಯವನ್ನು ತಾವೇ ಜೊತೆಯಲ್ಲಿ ಹೇಳತೊಡಗಿದರು.

ಹತ್ತಿರ ಇಡುವುದರ ಜೊತೆಗೆ ಸ್ಪೀಕರಿನ ಮುಖ ಕಿವಿಯ ಕಡೆಗೆ ತಿರುಗಿರಬೇಕು. ಮಂದ್ರ ನಾದ ಎಲ್ಲ ದಿಕ್ಕಿಗೂ ಹರಡುತ್ತದೆ, ತಾರ ನಾದ ಟಾರ್ಚಿನ ಬೆಳಕಿನಂತೆ ನೇರವಾಗಿ ಹೋಗುತ್ತದೆ. ವ್ಯಂಜನಗಳು ತಾರದಲ್ಲಿರುವುದರಿಂದ ಮುಖ ಬೇರೆ ಕಡೆ ಇದ್ದರೆ ಕಳೆದುಕೊಳ್ಳುವುದು ಅವನ್ನೇ. ಸ್ಪೀಕರ್ ಕೆಳಗಿದ್ದರೆ ಅದರ ಮುಂಭಾಗಕ್ಕೆ ಒಂದು ಮರದ ಚೂರನ್ನು ಕೊಟ್ಟು ಮೇಲ್ಮುಖವಾಗಿ ಓರೆಮಾಡಿ. ಮಂದ್ರ ಸಾಲದು ಎನ್ನಿಸಿದರೆ ಸ್ಪೀಕರನ್ನು ಗೋಡೆಗೆ ಅಥವಾ ಮೂಲೆಗೆ ಸರಿಸಿ, ತಾನಾಗಿ ಹೆಚ್ಚುತ್ತದೆ. ಮಾತು ಗುಂಯ್ ಎನ್ನುತ್ತಿದ್ದರೆ ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತನ್ನಿ. ಟೊಳ್ಳಾದ ಮರದ ಪೆಟ್ಟಿಗೆ, ಕಪಾಟು ಅಥವಾ ತೆಳ್ಳನೆಯ ಮೇಜಿನ ಮೇಲಿಟ್ಟರೆ ಅವೂ ಜೊತೆಯಲ್ಲಿ ನಡುಗಿ ಹಾಡುತ್ತವೆ, ಆದ್ದರಿಂದ ಕೆಳಗೆ ರಬ್ಬರಿನ ತುಂಡನ್ನೋ ಮಡಿಸಿದ ದಪ್ಪ ಬಟ್ಟೆಯನ್ನೋ ಹಾಕಬೇಕು. ರೆಡ್ ಆಕ್ಸೈಡ್ ನೆಲ, ಬರೀ ಗೋಡೆ, ಸಾಮಾನಿಲ್ಲದ ಕೋಣೆ ಇದ್ದಲ್ಲಿ ದನಿ ಅಲ್ಲಿಲ್ಲಿ ಬಡಿದು ಮಾತು ಕಲಸಿಹೋಗುತ್ತದೆ. ನೆಲಕ್ಕೊಂದು ಜಮಖಾನ, ಎದುರು ಗೋಡೆಗೊಂದು ದಪ್ಪ ಪರದೆ ಇದ್ದರೆ ಎದ್ದು ಕಾಣುವಷ್ಟು ವ್ಯತ್ಯಾಸವಾಗುತ್ತದೆ. ಎರಡು ಸ್ಪೀಕರುಗಳಿರುವವರು ಅವುಗಳ ನಡುವಿನ ದೂರವನ್ನೂ ತಮಗೂ ಅವಕ್ಕೂ ಇರುವ ದೂರವನ್ನೂ ಹೆಚ್ಚುಕಡಿಮೆ ಸಮವಾಗಿ ಇಟ್ಟುಕೊಂಡರೆ ಸಾಕು.

ಲ್ಯಾಪ್‌ಟಾಪಿನ ಒಳಗೆ ಮಾಡಬೇಕಾದ ಹೊಂದಾಣಿಕೆ ಹೆಚ್ಚೇನಿಲ್ಲ. ಲ್ಯಾಪ್‌ಟಾಪಿನ ವಾಲ್ಯೂಮನ್ನು ನೂರಕ್ಕೆ 80ರಿಂದ 90ರಷ್ಟು ಇಟ್ಟು, ಉಳಿದ ಏರಿಳಿತವನ್ನು ಸ್ಪೀಕರಿನ ಗುಂಡಿಯಲ್ಲಿ ಮಾಡಿ. ಲ್ಯಾಪ್‌ಟಾಪಿನಲ್ಲಿ ತೀರ ಇಳಿಸಿ ಸ್ಪೀಕರಿನಲ್ಲಿ ಪೂರ್ತಿ ಏರಿಸಿದರೆ ಹಿಸ್ ಎಂಬ ಸದ್ದೂ ಜೊತೆಗೇ ಏರುತ್ತದೆ. ಊರಿನ ಸಭಾಭವನಗಳಲ್ಲಿ ಚಿತ್ರೀಕರಿಸಿದ ಅನೇಕ ವಿಡಿಯೋಗಳಲ್ಲಿ ಮೈಕಿನ ದನಿ ಒಂದೇ ಪಕ್ಕದಲ್ಲಿ ದಾಖಲಾಗಿರುತ್ತದೆ, ಆಗ ಲ್ಯಾಪ್‌ಟಾಪಿನ ಸೆಟ್ಟಿಂಗಿನಲ್ಲಿ ಮೊನೊ ಆಡಿಯೋವನ್ನು ಆನ್ ಮಾಡಿದರೆ ಎರಡೂ ಕಡೆ ಕೇಳಿಸುತ್ತದೆ. ನಾದದ ಬೇರೆ ಬೇರೆ ಭಾಗಗಳನ್ನು ಬಿಡಿಬಿಡಿಯಾಗಿ ಏರಿಸಿ ಇಳಿಸುವ ಈಕ್ವಲೈಸರ್ ಇದ್ದರೆ ಮಾತಿಗಾಗಿ 2000ದಿಂದ 4000 ಹರ್ಟ್ಜ್ ಭಾಗವನ್ನು 3 ಡೆಸಿಬೆಲ್‌ನಷ್ಟು ಏರಿಸಿ, 200 ಹರ್ಟ್ಜ್ ಸುತ್ತಲಿನದನ್ನು ಅಷ್ಟೇ ಇಳಿಸಿ. ಏರಿಸುವುದಕ್ಕಿಂತ ಇಳಿಸುವುದು ಯಾವಾಗಲೂ ಸುರಕ್ಷಿತ, ಏಕೆಂದರೆ ಸಣ್ಣ ಸ್ಪೀಕರಿನಿಂದ ಆಗದ ಮಂದ್ರವನ್ನು ಬಲವಂತವಾಗಿ ನುಡಿಸಹೊರಟರೆ ಪೊರೆ ತನ್ನ ಮಿತಿ ಮೀರಿ ಅಲುಗಿ ಉಳಿದ ದನಿಯನ್ನೂ ಕೆಡಿಸುತ್ತದೆ. ವಿಂಡೋಸಿನಲ್ಲಿ ಲೌಡ್‌ನೆಸ್ ಈಕ್ವಲೈಸೇಶನ್ ಎಂಬ ಆಯ್ಕೆ ಕಂಡುಬಂದರೆ ಪಿಸುಮಾತನ್ನೂ ಗಟ್ಟಿಮಾತನ್ನೂ ಒಂದು ಮಟ್ಟಕ್ಕೆ ತರುವ ಅದು ಉಪನ್ಯಾಸ ಕೇಳುವುದಕ್ಕೆ ಬಹಳ ಉಪಯುಕ್ತ. ಸಂಗೀತಕ್ಕೆ ಮಾತ್ರ ಅದನ್ನು ಆಫ್ ಮಾಡಬೇಕು, ಇಲ್ಲವಾದರೆ ಆಲಾಪದ ಏರಿಳಿತವೇ ಮಟ್ಟಸವಾಗಿಬಿಡುತ್ತದೆ. ಮೂಲ ಧ್ವನಿಮುದ್ರಣವೇ ಕೆಟ್ಟದಾಗಿದ್ದರೆ ಒಳ್ಳೆಯ ಸ್ಪೀಕರ್ ಅದರ ಕೊರತೆಯನ್ನೂ ಅಷ್ಟೇ ಸ್ಪಷ್ಟವಾಗಿ ಕೇಳಿಸುತ್ತದೆ.

ಮಲೆನಾಡಿನಲ್ಲಿ ಸ್ಪೀಕರನ್ನು ಕಾಪಾಡಿಕೊಳ್ಳುವುದೂ ದನಿಯ ಗುಣಕ್ಕೇ ಸೇರಿದ ಮಾತು. ಐಪಿಎಕ್ಸ್7 ಎಂಬ ಗುರುತಿರುವ ಸ್ಪೀಕರ್ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆಯುತ್ತದೆ ಎಂದು ಅರ್ಥ; ಆದರೆ ತಿಂಗಳುಗಟ್ಟಲೆ ಗಾಳಿಯಲ್ಲಿರುವ ಶೀತ ಬೇರೆ ರೀತಿಯ ಶತ್ರು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಹೊರಗಿಟ್ಟರೆ ಕಿಂಡಿಗಳಲ್ಲಿ ಕಿಲುಬು ಕಟ್ಟುತ್ತದೆ. ದಿನವೂ ಸ್ವಲ್ಪ ಹೊತ್ತು ನುಡಿಸುವುದು ಇದಕ್ಕೆ ಒಳ್ಳೆಯ ಉಪಾಯ, ಒಳಗಿನ ಬಿಸಿಯೇ ಶೀತವನ್ನು ಓಡಿಸುತ್ತದೆ. ಎತ್ತಿಡಲೇಬೇಕಾದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ, ಬ್ಯಾಟರಿಯಲ್ಲಿ ಅರ್ಧದಷ್ಟು ಚಾರ್ಜ್ ಉಳಿಸಿ ಇಡಬೇಕು. ನಮ್ಮಲ್ಲಿ ಏನನ್ನಾದರೂ ಒಣಗಿಸಬೇಕಾದರೆ ಒಲೆಯ ಮೇಲಿನ ಅಟ್ಟಕ್ಕೆ ಹಾಕುವ ರೂಢಿಯಿದೆ, ಸ್ಪೀಕರನ್ನು ಮಾತ್ರ ಅಲ್ಲಿಡಬಾರದು. ಹೊಗೆಯ ಜಿಡ್ಡು ಪೊರೆಗೆ ಅಂಟುತ್ತದೆ, ಬಿಸಿಯಿಂದ ಲಿಥಿಯಂ ಬ್ಯಾಟರಿ ಕೆಡುತ್ತದೆ. ಆಕ್ಸ್ ತಂತಿಯನ್ನು ಅಲುಗಾಡಿಸಿದಾಗ ಪರಪರ ಎಂದರೆ ಹೊಸ ತಂತಿ ತರುವ ಮೊದಲು ಪಿನ್ನನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ತೂತಿನೊಳಗೆ ಹತ್ತಾರು ಸಲ ತಿರುಗಿಸಿ ನೋಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ಗಿನಿಂದ ನಡೆಯುವ ಸ್ಪೀಕರನ್ನೂ ಚಾರ್ಜರನ್ನೂ ಕಿತ್ತಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಒಂದು ಸಂಜೆಯ ಸಿಡಿಲಿಗೆ ನಮ್ಮ ಸ್ಪೀಕರಿನ ಅಡಾಪ್ಟರ್ ಸುಟ್ಟುಹೋದದ್ದು ಸ್ವಿಚ್ ಆಫ್ ಇದ್ದಾಗಲೇ.

ಎಲ್ಲ ಜೋಡಣೆ ಮುಗಿದ ಮೇಲೆ ಪರೀಕ್ಷೆಯನ್ನು ಮಳೆ ಜೋರಾಗಿರುವ ದಿನವೇ ಮಾಡಿ. ಮನೆಯಲ್ಲಿ ಕಿವಿ ಸ್ವಲ್ಪ ಮಂದವಾದ ಹಿರಿಯರಿದ್ದರೆ ಅವರನ್ನು ಅವರ ಎಂದಿನ ಜಾಗದಲ್ಲಿಯೇ ಕೂರಿಸಿ, ಅವರು ಮೊದಲು ಕೇಳಿರದ ಒಂದು ವ್ಯಾಖ್ಯಾನವನ್ನು ಹಾಕಿ, ವಾಲ್ಯೂಮನ್ನು ಕೆಳಗಿನಿಂದ ಮೆಲ್ಲಗೆ ಏರಿಸುತ್ತ ಬನ್ನಿ. ಕೇಳಿದ ವಾಕ್ಯವನ್ನು ಅವರು ತಡೆಯಿಲ್ಲದೆ ಮರಳಿ ಹೇಳುವ ಮಟ್ಟ ಬಂದಾಗ ನಿಲ್ಲಿಸಿ, ಸ್ಪೀಕರ್ ಇರುವ ಜಾಗಕ್ಕೆ ಸ್ಟೂಲಿನ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ. ಮನೆ ಗುಡಿಸುವಾಗ ಎತ್ತಿಟ್ಟವರು ಮತ್ತೆ ಅಲ್ಲಿಯೇ ಇಡಲು ಅದು ನೆರವಾಗುತ್ತದೆ.